ತಂದೆಗಿದ್ದ ರೋಗ ಮಕ್ಕಳಿಗೆ ಗೊತ್ತಿರಲಿ

ನಿಮ್ಮ ಅಜ್ಜ ಯಾವ ಕಾಯಿಲೆಯಿಂದ ತೀರಿಕೊಂಡರು ಎಂದು ವೈದ್ಯರು ಕೇಳಿದರೆ ನೀವು ಏನು ಉತ್ತರಿಸುತ್ತೀರಿ? ಹೃದಯಾಘಾತವಾಗಿದ್ದರೆ ಹೇಳುತ್ತೀರಿ. ಸಕ್ಕರೆ ಕಾಯಿಲೆ ಇದ್ದಿದ್ದರೆ ಅದನ್ನೂ ಹೇಳುತ್ತೀರಿ. ಆದರೆ ಹಲವು ಮನೆಗಳಲ್ಲಿ ಉತ್ತರ ಹೀಗಿರುತ್ತದೆ: "ಕೊನೆಗಾಲದಲ್ಲಿ ಮೂತ್ರದ ತೊಂದರೆ ಇತ್ತು, ಸೊಂಟ ನೋವೆಂದು ಮಲಗಿದವರು ಮತ್ತೆ ಏಳಲಿಲ್ಲ, ವಯಸ್ಸೂ ಆಗಿತ್ತಲ್ಲ." ಅಲ್ಲಿಗೆ ಮಾತು ಮುಗಿಯುತ್ತದೆ. ಅದು ಪ್ರಾಸ್ಟೇಟ್ ಕ್ಯಾನ್ಸರ್ ಆಗಿದ್ದಿರಬಹುದು, ಆಗಿರದೆಯೂ ಇರಬಹುದು. ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಪ್ರಾಸ್ಟೇಟ್ ಕ್ಯಾನ್ಸರಿಗೆ ಕಾರಣವೇನು ಎಂದು ಕೇಳುವವರಿಗೆ ನನ್ನ ಉತ್ತರ ಸ್ವಲ್ಪ ನಿರಾಸೆ ತರಬಹುದು. ಇದರ ಮುಖ್ಯ ಕಾರಣಗಳು ನಮ್ಮ ಕೈಯಲ್ಲಿಲ್ಲ. ವಯಸ್ಸನ್ನು ತಡೆಯಲಾಗದು, ಹುಟ್ಟಿದ ಮನೆತನವನ್ನು ಬದಲಿಸಲಾಗದು. ಆದರೆ ಆ ಮನೆತನದಲ್ಲಿ ಯಾರಿಗೆ ಏನಾಗಿತ್ತು ಎಂದು ತಿಳಿದುಕೊಳ್ಳುವುದು ಖಂಡಿತ ನಮ್ಮ ಕೈಯಲ್ಲಿದೆ. ನಾವು ಮಾಡದೆ ಬಿಟ್ಟಿರುವುದು ಅದನ್ನೇ. ನಾಚಿಕೆಯಾಗುತ್ತದೆ ಎನ್ನುತ್ತೇವೆ, ಮಕ್ಕಳು ಹೆದರುತ್ತಾರೆ ಎನ್ನುತ್ತೇವೆ, ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾಗುತ್ತದೆ ಎನ್ನುತ್ತೇವೆ. ಈ ಮೂರು ನೆಪಗಳೂ ನಿಲ್ಲುವಂಥವಲ್ಲ ಎಂಬುದು ನನ್ನ ಅಭಿಪ್ರಾಯ. ಏಕೆಂದು ಹೇಳುತ್ತೇನೆ.

ಈ ಗ್ರಂಥಿ ಎಲ್ಲಿದೆ, ಏನು ಮಾಡುತ್ತದೆ?

ಪ್ರಾಸ್ಟೇಟ್ ಪುರುಷರಲ್ಲಿ ಮಾತ್ರ ಇರುವ ಗ್ರಂಥಿ. ಅಖ್ರೋಟ್ ಕಾಯಿಯಷ್ಟು ದೊಡ್ಡದು. ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ, ಮೂತ್ರನಾಳವನ್ನು ಸುತ್ತುವರಿದು ಕುಳಿತಿದೆ. ವೀರ್ಯದಲ್ಲಿರುವ ದ್ರವದ ಒಂದು ಭಾಗ ತಯಾರಾಗುವುದು ಇಲ್ಲಿಯೇ. ಗಂಡಸಿನ ದೇಹದ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನಿನ ನೆರವಿನಿಂದ ಇದು ಬೆಳೆಯುತ್ತದೆ. ಷಿಕಾಗೋದ ವೈದ್ಯ ಚಾರ್ಲ್ಸ್ ಹಗ್ಗಿನ್ಸ್ 1941ರಲ್ಲಿ, ಈ ಹಾರ್ಮೋನನ್ನು ತಗ್ಗಿಸಿದರೆ ದೇಹದಲ್ಲಿ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಕೂಡ ಕುಗ್ಗುತ್ತದೆ ಎಂದು ತೋರಿಸಿಕೊಟ್ಟರು. ಅದಕ್ಕಾಗಿ 1966ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಇಂದಿಗೂ ಹರಡಿದ ಕ್ಯಾನ್ಸರಿಗೆ ಹಾರ್ಮೋನ್ ಚಿಕಿತ್ಸೆಯೇ ಬುನಾದಿ.

ಇಲ್ಲಿ ಒಂದು ಗೊಂದಲವನ್ನು ಮೊದಲೇ ತಿಳಿಗೊಳಿಸೋಣ. ವಯಸ್ಸಾದಂತೆ ಪ್ರಾಸ್ಟೇಟ್ ದೊಡ್ಡದಾಗುವುದು ಬೇರೆ, ಅದರಲ್ಲಿ ಕ್ಯಾನ್ಸರ್ ಹುಟ್ಟುವುದು ಬೇರೆ. ರಾತ್ರಿ ಮೂರು ನಾಲ್ಕು ಸಲ ಎದ್ದು ಮೂತ್ರಕ್ಕೆ ಹೋಗುವುದು, ಧಾರೆ ಸಣ್ಣದಾಗುವುದು, ಕೊನೆಯಲ್ಲಿ ತೊಟ್ಟಿಕ್ಕುವುದು, ಇವೆಲ್ಲ ಹೆಚ್ಚಿನವರಲ್ಲಿ ಗ್ರಂಥಿ ಉಬ್ಬಿದ್ದರಿಂದ ಆಗುವಂಥವು. ಆ ಉಬ್ಬುವಿಕೆ ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರಾಗಿ ಬದಲಾಗುವುದೂ ಇಲ್ಲ. ಇನ್ನೊಂದು ಕಡೆ, ಕ್ಯಾನ್ಸರ್ ಆರಂಭದಲ್ಲಿ ಸಾಮಾನ್ಯವಾಗಿ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಹಾಗಾಗಿ "ನನಗೆ ಮೂತ್ರದ ತೊಂದರೆಯೇ ಇಲ್ಲ, ನನಗೇಕೆ ಬರುತ್ತದೆ?" ಎನ್ನುವುದೂ ಸರಿಯಲ್ಲ, "ರಾತ್ರಿ ಎದ್ದೇಳುತ್ತೇನೆ, ಕ್ಯಾನ್ಸರೇ ಇರಬೇಕು" ಎಂದು ನಡುಗುವುದೂ ಸರಿಯಲ್ಲ.

ಮೊದಲ ಕಾರಣ ವಯಸ್ಸು

ಲೋಕದಾದ್ಯಂತ 2022ರಲ್ಲಿ ಸುಮಾರು 14.7 ಲಕ್ಷ ಪುರುಷರಲ್ಲಿ ಈ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು, ಸುಮಾರು 4 ಲಕ್ಷ ಮಂದಿ ಅದರಿಂದ ಸತ್ತರು. ಪುರುಷರ ಕ್ಯಾನ್ಸರುಗಳಲ್ಲಿ ಶ್ವಾಸಕೋಶದ ಕ್ಯಾನ್ಸರನ್ನು ಬಿಟ್ಟರೆ ಅತಿ ಹೆಚ್ಚು ಕಾಣುವುದು ಇದೇ. 40 ವರ್ಷದ ಒಳಗಿನವರಲ್ಲಿ ಅಪರೂಪ. 50 ದಾಟಿದ ಮೇಲೆ ಏರತೊಡಗುತ್ತದೆ. ಅಮೆರಿಕದ ಲೆಕ್ಕದ ಪ್ರಕಾರ ಪತ್ತೆಯಾಗುವ ಪ್ರತಿ 10 ಜನರಲ್ಲಿ 6 ಮಂದಿ 65 ದಾಟಿದವರು. ಬೇರೆ ಯಾವುದೋ ಕಾರಣದಿಂದ ತೀರಿಕೊಂಡ ವೃದ್ಧರ ದೇಹವನ್ನು ಪರೀಕ್ಷಿಸಿದಾಗ, ಅವರಿಗೂ ಮನೆಯವರಿಗೂ ತಿಳಿಯದೆ ಪ್ರಾಸ್ಟೇಟಿನಲ್ಲಿ ಸಣ್ಣ ಕ್ಯಾನ್ಸರ್ ಅಡಗಿದ್ದುದು ಅನೇಕರಲ್ಲಿ ಕಂಡುಬಂದಿದೆ. ಅಂದರೆ ಈ ಕ್ಯಾನ್ಸರ್ ಬಂದವರೆಲ್ಲ ಇದರಿಂದಲೇ ಸಾಯುವುದಿಲ್ಲ. ಕೆಲವರಲ್ಲಿ ಇದು ದಶಕಗಳ ಕಾಲ ಮಲಗಿರುತ್ತದೆ, ಕೆಲವರಲ್ಲಿ ಬೇಗ ಮೂಳೆಗೆ ಹರಡುತ್ತದೆ.

ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷ. ಈಗ ಅದು 70ರ ಆಸುಪಾಸು. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಈ ರೋಗದ ಮಾತು ಕೇಳಿಬರದಿದ್ದುದಕ್ಕೆ ಇದೊಂದು ಕಾರಣ. ಇದು ಬರುವ ವಯಸ್ಸಿನವರೆಗೆ ಹೆಚ್ಚಿನವರು ಬದುಕುತ್ತಲೇ ಇರಲಿಲ್ಲ. ಇಂದು ಬೆಂಗಳೂರಿನ ಪುರುಷರಲ್ಲಿ ಮುಖ್ಯವಾಗಿ ಕಾಣುವ ಕ್ಯಾನ್ಸರುಗಳ ಸಾಲಿನಲ್ಲಿ ಪ್ರಾಸ್ಟೇಟ್ ಸೇರಿಕೊಂಡಿದೆ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ನೇಮಿಸಿದ ತಜ್ಞರ ಆಯೋಗವು 2024ರಲ್ಲಿ ಕೊಟ್ಟ ವರದಿಯಂತೆ 2040ರ ವೇಳೆಗೆ ಲೋಕದಲ್ಲಿ ವರ್ಷಕ್ಕೆ 29 ಲಕ್ಷ ಹೊಸ ರೋಗಿಗಳು ಕಾಣಿಸಿಕೊಳ್ಳಬಹುದು. ಆ ಏರಿಕೆ ಹೆಚ್ಚಾಗಿ ನಮ್ಮಂಥ ದೇಶಗಳಲ್ಲೇ ಆಗಲಿದೆ, ಏಕೆಂದರೆ ವೃದ್ಧರ ಸಂಖ್ಯೆ ಏರುತ್ತಿರುವುದು ಇಲ್ಲಿಯೇ.

ಎರಡನೆಯದು ರಕ್ತಸಂಬಂಧ

ತಂದೆಗೋ ಅಣ್ಣತಮ್ಮಂದಿರಲ್ಲಿ ಒಬ್ಬರಿಗೋ ಪ್ರಾಸ್ಟೇಟ್ ಕ್ಯಾನ್ಸರ್ ಬಂದಿದ್ದರೆ ಆ ಮನೆಯ ಗಂಡಸಿಗೆ ಅಪಾಯ ಎರಡು ಪಟ್ಟಿಗಿಂತ ಹೆಚ್ಚು. ತಂದೆಗೆ ಬಂದುದಕ್ಕಿಂತ ಅಣ್ಣತಮ್ಮಂದಿರಿಗೆ ಬಂದಾಗ ಅಪಾಯ ಇನ್ನೂ ಜಾಸ್ತಿ. ಒಬ್ಬರಿಗಲ್ಲ, ಇಬ್ಬರು ಮೂವರಿಗೆ ಬಂದಿದ್ದರೆ, ಅದರಲ್ಲೂ ಚಿಕ್ಕ ವಯಸ್ಸಿನಲ್ಲಿ ಬಂದಿದ್ದರೆ, ಅಪಾಯ ಮತ್ತಷ್ಟು ಏರುತ್ತದೆ.

ಡೆನ್ಮಾರ್ಕ್, ಫಿನ್ಲೆಂಡ್, ನಾರ್ವೆ, ಸ್ವೀಡನ್ ಈ ನಾಲ್ಕು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಅವಳಿಗಳ ಆರೋಗ್ಯವನ್ನು ದೀರ್ಘಕಾಲ ಗಮನಿಸಿದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಒಬ್ಬರಿಂದ ಒಬ್ಬರಿಗೆ ಪ್ರಾಸ್ಟೇಟ್ ಕ್ಯಾನ್ಸರಿನ ಅಪಾಯದಲ್ಲಿ ಕಾಣುವ ವ್ಯತ್ಯಾಸದಲ್ಲಿ ಸುಮಾರು ಶೇ. 57ರಷ್ಟಕ್ಕೆ ವಂಶವಾಹಿಗಳೇ ಕಾರಣ ಎಂದು ಅದು ಲೆಕ್ಕ ಹಾಕಿತು. ಸಾಮಾನ್ಯ ಕ್ಯಾನ್ಸರುಗಳಲ್ಲಿ ಇಷ್ಟರ ಮಟ್ಟಿಗೆ ವಂಶದ ಪಾಲಿರುವುದು ಕಡಿಮೆ.

ಇದನ್ನು ಅಂಕಿಗಳಿಗಿಂತ ಚೆನ್ನಾಗಿ ಹೇಳುವುದು ಒಬ್ಬ ಆಟಗಾರನ ಕಥೆ. ಸ್ಕಾಟ್ಲೆಂಡಿನ ಕ್ರಿಸ್ ಹೋಯ್ ಸೈಕಲ್ ಓಟದಲ್ಲಿ ಆರು ಒಲಿಂಪಿಕ್ ಚಿನ್ನದ ಪದಕ ಗೆದ್ದವರು. ತೂಕ, ವ್ಯಾಯಾಮ, ಆಹಾರ ಎಲ್ಲದರಲ್ಲೂ ಶಿಸ್ತಿನ ಮನುಷ್ಯ. 2023ರಲ್ಲಿ ಅವರಿಗೆ ಭುಜ ನೋಯತೊಡಗಿತು. ವ್ಯಾಯಾಮದಿಂದ ಆದ ನೋವಿರಬೇಕೆಂದುಕೊಂಡರು. ಸ್ಕ್ಯಾನ್ ಮಾಡಿಸಿದಾಗ ಭುಜದ ಮೂಳೆಯಲ್ಲಿ ಗಡ್ಡೆ ಕಂಡಿತು. ಅದರ ಮೂಲ ಪ್ರಾಸ್ಟೇಟ್. ಆಗ ಅವರಿಗೆ 47 ವರ್ಷ. ಕ್ಯಾನ್ಸರ್ ಆಗಲೇ ಮೂಳೆಗಳಿಗೆ ಹರಡಿ, ಪೂರ್ತಿ ವಾಸಿ ಮಾಡಲಾಗದ ಹಂತ ತಲುಪಿತ್ತು. ಅವರ ತಂದೆಗೂ ಅಜ್ಜನಿಗೂ ಪ್ರಾಸ್ಟೇಟ್ ಕ್ಯಾನ್ಸರ್ ಇತ್ತು. 2024ರ ಅಕ್ಟೋಬರಿನಲ್ಲಿ ತಮ್ಮ ಸ್ಥಿತಿಯನ್ನು ಬಹಿರಂಗವಾಗಿ ಹೇಳಿದ ಮೇಲೆ, ಮನೆತನದಲ್ಲಿ ಈ ರೋಗವಿರುವ ಪುರುಷರು 50 ಆಗುವವರೆಗೆ ಕಾಯದೆ ಮೊದಲೇ ಪರೀಕ್ಷಿಸಿಕೊಳ್ಳಲಿ ಎಂದು ಅವರು ಕೇಳಿಕೊಳ್ಳುತ್ತಾ ಬಂದಿದ್ದಾರೆ.

ಓದುಗರೇ, ಒಲಿಂಪಿಕ್ ಮಟ್ಟದ ದೇಹಕ್ಕೂ ವಂಶದ ಭಾರ ತಪ್ಪಲಿಲ್ಲ. ಹಾಗಿರುವಾಗ ವಂಶದ ವಿಷಯ ಗೊತ್ತಿಲ್ಲದೆ ನಾವು ಆರಾಮವಾಗಿರುವುದು ಹೇಗೆ?

ಹಾಗೆಂದು ಒಂದು ಮಾತನ್ನು ಮರೆಯಬಾರದು. ಈ ಕ್ಯಾನ್ಸರ್ ಬಂದವರಲ್ಲಿ ಹೆಚ್ಚಿನವರ ಮನೆತನದಲ್ಲಿ ಅದು ಮೊದಲು ಬಂದ ದಾಖಲೆ ಇರುವುದಿಲ್ಲ. ಮನೆಯಲ್ಲಿ ಯಾರಿಗೂ ಇರಲಿಲ್ಲ ಎಂದಮಾತ್ರಕ್ಕೆ ಪೂರ್ತಿ ನಿಶ್ಚಿಂತೆ ಇಲ್ಲ, ಇತ್ತು ಎಂದಮಾತ್ರಕ್ಕೆ ಬಂದೇ ಬರುತ್ತದೆ ಎಂದೂ ಇಲ್ಲ.

ತಾಯಿಯ ಕಡೆಯನ್ನೂ ಕೇಳಿ

ಗಂಡಸರ ರೋಗ ಎಂದೊಡನೆ ನಾವು ತಂದೆ, ದಾದಾ, ಚಾಚಾ ಎಂದು ಒಂದೇ ಕಡೆ ನೋಡುತ್ತೇವೆ. ಅದು ಅರ್ಧ ಲೆಕ್ಕ. ಬಿಆರ್‌ಸಿಎ-2 ಎಂಬ ವಂಶವಾಹಿಯ ಹೆಸರನ್ನು ನೀವು ಸ್ತನ ಕ್ಯಾನ್ಸರಿನ ವಿಷಯದಲ್ಲಿ ಕೇಳಿರಬಹುದು. ಅದರಲ್ಲಿ ದೋಷವಿದ್ದರೆ ಹೆಂಗಸರಲ್ಲಿ ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನ ಅಪಾಯ ಏರುತ್ತದೆ. ಅದೇ ದೋಷ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ ಅಪಾಯವನ್ನು ಏರಿಸುತ್ತದೆ. ಅಷ್ಟೇ ಅಲ್ಲ, ಹೀಗೆ ಬರುವ ಕ್ಯಾನ್ಸರ್ ಕಡಿಮೆ ವಯಸ್ಸಿನಲ್ಲಿ ಬರುವುದು, ಬೇಗ ಹರಡುವುದು ಹೆಚ್ಚು.

ಈ ದೋಷ ತಂದೆಯಿಂದಲೂ ಬರಬಹುದು, ತಾಯಿಯಿಂದಲೂ ಬರಬಹುದು. ಯಾರಲ್ಲಿದೆಯೋ ಅವರ ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಆದ್ದರಿಂದ ತಾಯಿಗೆ 42ರಲ್ಲಿ ಸ್ತನ ಕ್ಯಾನ್ಸರ್ ಬಂದಿದ್ದರೆ, ಖಾಲಾ ಅಂಡಾಶಯದ ಕ್ಯಾನ್ಸರಿನಿಂದ ತೀರಿಕೊಂಡಿದ್ದರೆ, ಆ ವಿಷಯ ಗಂಡುಮಕ್ಕಳಿಗೂ ಸಂಬಂಧಿಸಿದ್ದು. ಅದೇ ರೀತಿ ತಂದೆಗೆ ಪ್ರಾಸ್ಟೇಟ್ ಕ್ಯಾನ್ಸರ್ ಬೇಗ ಬಂದು ಬೇಗ ಹರಡಿದ್ದರೆ, ಆ ವಿಷಯ ಹೆಣ್ಣುಮಕ್ಕಳಿಗೂ ಸಂಬಂಧಿಸಿದ್ದು. "ಇದು ಗಂಡಸರ ವಿಷಯ, ಹೆಂಗಸರ ಮುಂದೆ ಬೇಡ" ಎಂದು ಎದ್ದು ಹೋಗುವ ಚಾಚಾ, "ಇದು ಹೆಂಗಸರ ವಿಷಯ, ಹುಡುಗರ ಮುಂದೆ ಬೇಡ" ಎಂದು ಸುಮ್ಮನಾಗುವ ಖಾಲಾ, ಇಬ್ಬರೂ ತಮಗರಿವಿಲ್ಲದೆ ಮುಂದಿನ ತಲೆಮಾರಿಗೆ ಬೇಕಾದ ಮಾಹಿತಿಯನ್ನು ತಡೆಹಿಡಿಯುತ್ತಿದ್ದಾರೆ.

ಇಂಥ ವಂಶವಾಹಿ ದೋಷ ಎಲ್ಲರಲ್ಲೂ ಇರುವುದಿಲ್ಲ, ಕೆಲವೇ ಮನೆತನಗಳಲ್ಲಿರುತ್ತದೆ. ಆದರೆ ಇರುವ ಮನೆಗೆ ಅದನ್ನು ತಿಳಿಯುವುದರಿಂದ ಇಂದು ಪ್ರಯೋಜನವಿದೆ. ಹರಡಿದ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಈ ದೋಷ ಕಂಡುಬಂದರೆ ಒಲಾಪರಿಬ್‌ನಂತಹ ಔಷಧಿಗಳನ್ನು ಬಳಸಲು ದಾರಿಯಿದೆ. ಮಕ್ಕಳೂ ಮೊದಲೇ ತಪಾಸಣೆ ಆರಂಭಿಸಬಹುದು.

ಶುಚಿತ್ವದಿಂದ ಇದು ತಪ್ಪುವುದೇ?

ಆರೋಗ್ಯ ಮತ್ತು ಶುಚಿತ್ವದ ಈ ಪುಟಗಳಲ್ಲಿ ಇದನ್ನು ಹೇಳಲೇಬೇಕು. ಸುನ್ನತ್ ಆದವರಿಗೆ, ನೀರಿನಿಂದ ಶುಚಿ ಮಾಡಿಕೊಳ್ಳುವವರಿಗೆ ಇಂಥ ಕ್ಯಾನ್ಸರ್ ಬರುವುದಿಲ್ಲ ಎಂಬ ಮಾತು ನಮ್ಮ ನಡುವೆ ಓಡಾಡುತ್ತದೆ. ಇಲ್ಲಿ ಎರಡು ಕ್ಯಾನ್ಸರುಗಳು ಬೆರೆತುಹೋಗಿವೆ. ಬಾಲ್ಯದಲ್ಲೇ ಮುಂಜಿಯಾದವರಲ್ಲಿ ಶಿಶ್ನದ ಕ್ಯಾನ್ಸರ್ ಬಹಳ ಅಪರೂಪ, ಇದು ನಿಜ. ಪ್ರಾಸ್ಟೇಟ್ ಬೇರೆಯದೇ ಅಂಗ, ದೇಹದ ಒಳಗೆ ಆಳದಲ್ಲಿರುವುದು. ಮುಂಜಿಯಾದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ತುಸು ಕಡಿಮೆ ಎಂದು ಕೆಲವು ಅಧ್ಯಯನಗಳು ಹೇಳಿವೆ, ಆದರೆ ಅದು ಖಚಿತವಾಗಿ ಸಿದ್ಧವಾದ ಮಾತಲ್ಲ. ಅದು ನಿಜವೇ ಆಗಿದ್ದರೂ "ತುಸು ಕಡಿಮೆ" ಎಂದರೆ "ಬರುವುದಿಲ್ಲ" ಎಂದಲ್ಲ. ಮುಸ್ಲಿಮ್ ಪುರುಷರಿಗೂ ಇದು ಬರುತ್ತದೆ, ಬರುತ್ತಲೇ ಇದೆ. ಶುಚಿತ್ವವನ್ನು ನಾವು ಅದರ ಸ್ವಂತ ಬೆಲೆಗಾಗಿ ಪಾಲಿಸೋಣ. ಅದು ಕೊಡದ ಭರವಸೆಯನ್ನು ಅದರ ಮೇಲೆ ಹೊರಿಸಬೇಡಿ.

ಇದಕ್ಕಿಂತ ಕೆಟ್ಟ ಇನ್ನೊಂದು ಮಾತೂ ಇದೆ. ಯೌವನದಲ್ಲಿ ಏನೋ ತಪ್ಪು ಮಾಡಿದವರಿಗೆ, ಅತಿಯಾಗಿ ದಾಂಪತ್ಯ ಸುಖ ಬಯಸಿದವರಿಗೆ ಈ ರೋಗ ಬರುತ್ತದೆಂದು ಪಿಸುಗುಡುತ್ತಾರೆ. ಇದಕ್ಕೆ ಆಧಾರವಿಲ್ಲ. ಬದಲಿಗೆ, 2016ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ, ಹೆಚ್ಚು ಸಲ ವೀರ್ಯ ಸ್ಖಲನವಾಗುವ ಪುರುಷರಲ್ಲೇ ಅಪಾಯ ಸ್ವಲ್ಪ ಕಡಿಮೆ ಕಂಡಿತ್ತು. ಇದು ಅಂಟುರೋಗವೂ ಅಲ್ಲ, ಹೆಂಡತಿಗೆ ಹರಡುವುದಿಲ್ಲ. ಹಾಸಿಗೆ ಹಿಡಿದ ವೃದ್ಧನ ಚಾರಿತ್ರ್ಯವನ್ನು ಅವನ ರೋಗದಲ್ಲಿ ಹುಡುಕುವುದು ಅಜ್ಞಾನ, ಅನ್ಯಾಯ ಕೂಡ. ಮನೆಯ ಹಿರಿಯರು ಬಾಯಿ ಬಿಡದಿರುವುದಕ್ಕೆ ಈ ಪಿಸುಮಾತಿನ ಭಯವೇ ಅರ್ಧ ಕಾರಣ.

ನಮ್ಮ ಕೈಯಲ್ಲಿರುವುದು ಎಷ್ಟು?

ವಂಶವೊಂದೇ ಎಲ್ಲವೂ ಅಲ್ಲ. ಜಪಾನಿನಲ್ಲಿ ಈ ಕ್ಯಾನ್ಸರ್ ಬಹಳ ಕಡಿಮೆಯಿದ್ದ ಕಾಲದಲ್ಲಿ, ಅಲ್ಲಿಂದ ಹವಾಯಿ ಮತ್ತು ಕ್ಯಾಲಿಫೋರ್ನಿಯಾಕ್ಕೆ ಹೋಗಿ ನೆಲೆಸಿದ ಜಪಾನೀಯರಲ್ಲಿ ಅದು ತವರಿನವರಿಗಿಂತ ಹೆಚ್ಚು ಕಂಡುಬಂತು. ಅಲ್ಲಿ ಪರೀಕ್ಷೆ ಹೆಚ್ಚು ನಡೆಯುವುದು ಇದಕ್ಕೆ ಒಂದು ಕಾರಣ. ಬದುಕುವ ರೀತಿ, ತಿನ್ನುವ ಆಹಾರ, ಏರುವ ತೂಕ ಕೂಡ ಸೇರಿವೆ ಎಂದು ತಜ್ಞರು ಭಾವಿಸುತ್ತಾರೆ.

ಬೊಜ್ಜು ಇರುವವರಲ್ಲಿ ಮುಂದುವರಿದ ಹಂತದ ಪ್ರಾಸ್ಟೇಟ್ ಕ್ಯಾನ್ಸರಿನ ಅಪಾಯ ಹೆಚ್ಚು. ಸಿಗರೇಟು ಸೇದುವವರಲ್ಲಿ ಈ ಕ್ಯಾನ್ಸರಿನಿಂದ ಸಾಯುವವರು ಹೆಚ್ಚು. ಹಾಗಾಗಿ ಹೊಟ್ಟೆಯ ಸುತ್ತಳತೆ ಇಳಿಸುವುದು, ದಿನವೂ ನಡೆಯುವುದು, ತಂಬಾಕು ಬಿಡುವುದು ಇವು ಎಲ್ಲರೂ ಮಾಡಬಹುದಾದ ಕೆಲಸ. ಹೃದಯಕ್ಕೂ ಸಕ್ಕರೆ ಕಾಯಿಲೆಗೂ ಇದರಿಂದ ಲಾಭವಿದೆ. ಹಾಲು ಮತ್ತು ಕ್ಯಾಲ್ಸಿಯಂ ಅತಿಯಾದರೆ ಅಪಾಯ ಕೊಂಚ ಏರಬಹುದು ಎಂಬ ಸಂಶಯವಿದೆ, ಆದರೆ ಚಹಾಕ್ಕೆ ಹಾಲು ಹಾಕಲು ಹೆದರಬೇಕಾಗಿಲ್ಲ.

ಪ್ರಾಸ್ಟೇಟಿಗೆ ಒಳ್ಳೆಯದೆಂದು ಮಾರುವ ಮಾತ್ರೆ, ಪುಡಿಗಳ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ವಿಟಮಿನ್ ಇ ಮತ್ತು ಸೆಲೆನಿಯಮ್ ಈ ಕ್ಯಾನ್ಸರನ್ನು ತಡೆಯುತ್ತವೆಯೇ ಎಂದು ನೋಡಲು ಅಮೆರಿಕ ಮತ್ತು ಕೆನಡಾಗಳಲ್ಲಿ 2001ರಲ್ಲಿ ಒಂದು ಪರೀಕ್ಷೆ ಆರಂಭವಾಯಿತು. 35 ಸಾವಿರಕ್ಕೂ ಹೆಚ್ಚು ಪುರುಷರು ಅದರಲ್ಲಿದ್ದರು. ಪ್ರಯೋಜನ ಕಾಣದೆ 2008ರಲ್ಲಿ ಮಾತ್ರೆ ನಿಲ್ಲಿಸಿದರು. 2011ರಲ್ಲಿ ಲೆಕ್ಕ ನೋಡಿದಾಗ, ವಿಟಮಿನ್ ಇ ಒಂದನ್ನೇ ತೆಗೆದುಕೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚಾಗಿತ್ತು. ಕಾಪಾಡಲೆಂದು ಕೊಟ್ಟದ್ದು ಹಾನಿ ಮಾಡಿತು. ಊರಿಗೆ ಬರುವವರು ಸಾಮಾನಿನ ಜೊತೆ ತರುವ ದೊಡ್ಡ ವಿಟಮಿನ್ ಡಬ್ಬಿಗಳನ್ನು ವೈದ್ಯರನ್ನು ಕೇಳದೆ ತಂದೆಗೆ ಕೊಡಬೇಡಿ.

ಮುಚ್ಚಿಟ್ಟರೆ ಯಾರಿಗೆ ಲಾಭ?

ಈಗ ಆ ಮೂರು ನೆಪಗಳಿಗೆ ಬರೋಣ.

ಮೊದಲನೆಯದು ನಾಚಿಕೆ. ಲಾಯ್ಡ್ ಆಸ್ಟಿನ್ ಅಮೆರಿಕದ ರಕ್ಷಣಾ ಮಂತ್ರಿಯಾಗಿದ್ದರು. ಅವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಯಾಗಿ 2023ರ ಡಿಸೆಂಬರ್ 22ರಂದು ಶಸ್ತ್ರಚಿಕಿತ್ಸೆಯಾಯಿತು. ತೊಂದರೆ ಎದ್ದು ಜನವರಿ 1ರಂದು ಮತ್ತೆ ಆಸ್ಪತ್ರೆ ಸೇರಿದರು. ತಮ್ಮ ಮಂತ್ರಿಗೆ ಕ್ಯಾನ್ಸರ್ ಇದೆ ಎಂದು ಅಧ್ಯಕ್ಷರಿಗೇ ತಿಳಿದದ್ದು ಜನವರಿ 9ರಂದು. ಹೇಳಬೇಕಾಗಿತ್ತು ಎಂದು ಆಸ್ಟಿನ್ ಆಮೇಲೆ ಒಪ್ಪಿಕೊಂಡರು. ಅಷ್ಟು ದೊಡ್ಡ ಸೇನೆಯನ್ನು ನಡೆಸುವವರಿಗೇ ಈ ಮಾತು ಬಾಯಿಗೆ ಬರಲಿಲ್ಲವೆಂದರೆ ನಮ್ಮ ತಂದೆಯಂದಿರಿಗೆ ಎಷ್ಟು ಕಷ್ಟವೆಂದು ಊಹಿಸಿ. ಆದ್ದರಿಂದ ಅವರೇ ಹೇಳಲೆಂದು ಕಾಯಬಾರದು, ಮಕ್ಕಳೇ ಕೇಳಬೇಕು. ಮಸೀದಿಗೆ ತಪ್ಪದೆ ಹೋಗುತ್ತಿದ್ದ ಅಬ್ಬಾ ಇತ್ತೀಚೆಗೆ ಮನೆಯಲ್ಲೇ ನಮಾಝ್ ಮಾಡುತ್ತಿದ್ದರೆ, ಪ್ರಯಾಣವೆಂದರೆ ಬೇಡವೆನ್ನುತ್ತಿದ್ದರೆ, ಬಟ್ಟೆಗೆ ಮೂತ್ರ ತಾಗುತ್ತದೆಂಬ ಸಂಕೋಚ ಅವರನ್ನು ಕಾಡುತ್ತಿರಬಹುದು. ಅಂಥವರಿಗೆ ವುಝೂ ಮತ್ತು ನಮಾಝಿನ ವಿಷಯದಲ್ಲಿ ರಿಯಾಯಿತಿ ಇದೆ, ಉಲಮಾಗಳನ್ನು ಕೇಳಿದರೆ ವಿವರಿಸುತ್ತಾರೆ. ಆದರೆ ರಿಯಾಯಿತಿಯ ಜೊತೆಗೆ ವೈದ್ಯರ ಭೇಟಿಯೂ ಆಗಬೇಕು. ಅದು ಕ್ಯಾನ್ಸರ್ ಅಲ್ಲದಿದ್ದರೂ ಚಿಕಿತ್ಸೆಯಿರುವ ತೊಂದರೆಯೇ.

ಎರಡನೆಯದು, ಮಕ್ಕಳು ಹೆದರುತ್ತಾರೆ ಎಂಬುದು. 40 ವರ್ಷದ ಮಗನನ್ನು ಮಗುವೆಂದು ತಿಳಿದು ಕಾಯಿಲೆಯನ್ನು ಮುಚ್ಚಿಡುತ್ತೇವೆ. ತಿಳಿದರೆ ಅವನು ಒಂದು ವಾರ ಹೆದರಿಯಾನು. ತಿಳಿಯದಿದ್ದರೆ, ಬೆನ್ನುನೋವಿಗೆ ಮುಲಾಮು ಹಚ್ಚುತ್ತಾ ಎರಡು ವರ್ಷ ಕಳೆದಾನು. ಯಾವುದು ದೊಡ್ಡದೆಂದು ನೀವೇ ತೂಗಿ ನೋಡಿ.

ಮೂರನೆಯದು ಮದುವೆಯ ಮಾತು. ಇದು ಎಲ್ಲಕ್ಕಿಂತ ಗಟ್ಟಿ ನೆಪ. "ಆ ಮನೆಯಲ್ಲಿ ಕ್ಯಾನ್ಸರ್ ಇದೆಯಂತೆ" ಎಂಬ ಮಾತು ಹಬ್ಬಿದರೆ ಸಂಬಂಧ ಬರುವುದಿಲ್ಲ ಎಂದು ಹೆದರುವ ತಂದೆತಾಯಿಯರನ್ನು ನಾನು ದೂರುವುದಿಲ್ಲ. ಅವರ ಭಯ ಸುಳ್ಳಲ್ಲ. ದೂರಬೇಕಾದುದು ಕೇಳಿಬರುವ ಕಡೆಯವರನ್ನು. 70ನೇ ವಯಸ್ಸಿನಲ್ಲಿ ಅಜ್ಜನಿಗೆ ಬಂದ ಕ್ಯಾನ್ಸರನ್ನು 22 ವರ್ಷದ ಹುಡುಗಿಯ ಕುಂದೆಂದು ಎಣಿಸುವುದು ಯಾವ ನ್ಯಾಯ? ಅಪಾಯ ಎರಡು ಪಟ್ಟು ಎಂದರೆ ರೋಗ ಖಚಿತ ಎಂದಲ್ಲ. ಬ್ರಿಟನ್ನಿನಲ್ಲಿ ಬದುಕಿನ ಒಂದಲ್ಲ ಒಂದು ಹಂತದಲ್ಲಿ 8 ಗಂಡಸರಲ್ಲಿ ಒಬ್ಬರಿಗೆ ಈ ಕ್ಯಾನ್ಸರ್ ಪತ್ತೆಯಾಗುತ್ತದೆ. ಭಾರತದಲ್ಲಿ ಅದಕ್ಕಿಂತ ಬಹಳ ಕಡಿಮೆ. ಕಡಿಮೆಯದು ಎರಡು ಪಟ್ಟಾದರೂ ಹೆಚ್ಚಿನವರು ಅದರಿಂದ ದೂರವೇ ಉಳಿಯುತ್ತಾರೆ. ಸಂಬಂಧ ನೋಡುವಾಗ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇಲ್ಲದ ಮನೆ ಹುಡುಕಿಕೊಂಡು ಹೋಗುವವರು ಯಾರೂ ಇಲ್ಲ. ಕ್ಯಾನ್ಸರಿಗೆ ಮಾತ್ರ ಬೇರೆ ತಕ್ಕಡಿ ಏಕೆ? ಜಮಾಅತ್‌ಗಳು, ಮದುವೆ ಕುದುರಿಸುವ ಹಿರಿಯರು ಈ ಮಾತನ್ನು ಗಟ್ಟಿಯಾಗಿ ಹೇಳಬೇಕು.

ತಿಳಿದ ಮೇಲೆ ಏನು ಮಾಡುವುದು?

ಪಿಎಸ್‌ಎ ಎಂಬುದು ಸರಳ ರಕ್ತಪರೀಕ್ಷೆ. ಪ್ರಾಸ್ಟೇಟ್ ತಯಾರಿಸುವ ಒಂದು ಪ್ರೋಟೀನ್ ರಕ್ತದಲ್ಲಿ ಎಷ್ಟಿದೆ ಎಂದು ಅದು ತೋರಿಸುತ್ತದೆ. ಅದು ಏರಿದ್ದರೆ ಕ್ಯಾನ್ಸರೆಂದೇ ಅರ್ಥವಲ್ಲ. ಗ್ರಂಥಿ ಉಬ್ಬಿದ್ದರೂ, ಮೂತ್ರದ ಸೋಂಕಾಗಿದ್ದರೂ ಏರುತ್ತದೆ. ಸೋಂಕಿದ್ದರೆ ಅದು ವಾಸಿಯಾಗಿ ಕೆಲವು ವಾರ ಕಳೆದ ಮೇಲೆ ಪರೀಕ್ಷಿಸಬೇಕು. ಪರೀಕ್ಷೆಗೆ ಮೊದಲಿನ ಎರಡು ದಿನ ದಾಂಪತ್ಯ ಸಂಬಂಧದಿಂದ ದೂರವಿರಲು ಹೇಳುತ್ತಾರೆ.

ಎಲ್ಲರೂ ಕಣ್ಣುಮುಚ್ಚಿ ಪಿಎಸ್‌ಎ ಮಾಡಿಸಿ ಎಂದು ನಾನು ಹೇಳುವುದಿಲ್ಲ. ಯುರೋಪಿನ 8 ದೇಶಗಳಲ್ಲಿ 1.62 ಲಕ್ಷ ಪುರುಷರನ್ನು 23 ವರ್ಷ ಗಮನಿಸಿದ ಅಧ್ಯಯನದಲ್ಲಿ, ಪರೀಕ್ಷೆಗೆ ಕರೆಯಲಾದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಶೇ. 13ರಷ್ಟು ಕಡಿಮೆಯಾಯಿತು. 456 ಮಂದಿಯನ್ನು ಕರೆದಾಗ ಒಂದು ಸಾವು ತಪ್ಪಿತು. ಲಾಭವಿದೆ, ಆದರೆ ಅದು ಸಣ್ಣದು. ಎಂದೂ ತೊಂದರೆ ಕೊಡದಿದ್ದ ಕ್ಯಾನ್ಸರನ್ನು ಪತ್ತೆಹಚ್ಚಿ, ಬೇಡದ ಶಸ್ತ್ರಚಿಕಿತ್ಸೆ ಮಾಡಿ, ಮೂತ್ರದ ಹಿಡಿತ ತಪ್ಪುವುದು, ದಾಂಪತ್ಯ ಶಕ್ತಿ ಕುಗ್ಗುವುದು, ಈ ಅಪಾಯಗಳೂ ಇವೆ. ಅದಕ್ಕಾಗಿ ಇಂದು ನಿಧಾನವಾಗಿ ಬೆಳೆಯುವ ಕ್ಯಾನ್ಸರನ್ನು ಕೂಡಲೇ ಕತ್ತರಿಸದೆ, ಆಗಾಗ ಪರೀಕ್ಷಿಸುತ್ತಾ ಕಾಯುವ ಕ್ರಮವೂ ಇದೆ. 70 ದಾಟಿದವರಿಗೆ ಲಕ್ಷಣಗಳಿಲ್ಲದಿದ್ದರೆ ಈ ಪರೀಕ್ಷೆ ಬೇಡವೆಂದು ಹಲವು ತಜ್ಞರು ಹೇಳುತ್ತಾರೆ.

ಯಾರಿಗೆ ಯಾವಾಗ ಪರೀಕ್ಷೆ ಬೇಕೆಂದು ತೀರ್ಮಾನಿಸಲು ಮನೆತನದ ಚರಿತ್ರೆ ಬೇಕಾಗುವುದು ಇಲ್ಲಿಯೇ. ಅಮೆರಿಕನ್ ಕ್ಯಾನ್ಸರ್ ಸೊಸೈಟಿಯ ಸಲಹೆಯಂತೆ, ಸಾಮಾನ್ಯ ಅಪಾಯದವರು 50ರಲ್ಲಿ ವೈದ್ಯರೊಡನೆ ಈ ಪರೀಕ್ಷೆಯ ಬಗ್ಗೆ ಮಾತಾಡಬೇಕು. ತಂದೆ ಅಥವಾ ಸಹೋದರನಿಗೆ 65ಕ್ಕಿಂತ ಮೊದಲು ಬಂದಿದ್ದರೆ 45ರಲ್ಲಿ. ಒಬ್ಬರಿಗಿಂತ ಹೆಚ್ಚು ಹತ್ತಿರದವರಿಗೆ ಹಾಗೆ ಬಂದಿದ್ದರೆ 40ರಲ್ಲಿ. ನಮ್ಮ ದೇಶದಲ್ಲಿ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರಿಗೆ ಸರಕಾರದ ತಪಾಸಣೆ ಕಾರ್ಯಕ್ರಮವಿದೆ, ಪ್ರಾಸ್ಟೇಟಿಗೆ ಇಲ್ಲ. ಯಾರೂ ಮನೆಗೆ ಬಂದು ಕೇಳುವುದಿಲ್ಲ. ನೀವೇ ಹೋಗಬೇಕು, ಹೋಗುವಾಗ ನಿಮ್ಮ ಬಳಿ ಮಾಹಿತಿ ಇರಬೇಕು.

ಇನ್ನು ತಡಮಾಡಬಾರದ ಲಕ್ಷಣಗಳು ಕೆಲವಿವೆ. ಮೂತ್ರದಲ್ಲಾಗಲಿ ವೀರ್ಯದಲ್ಲಾಗಲಿ ರಕ್ತ ಕಂಡರೆ, ಮೂತ್ರ ಪೂರ್ತಿ ಕಟ್ಟಿಕೊಂಡರೆ, ಸೊಂಟ, ಬೆನ್ನು, ತೊಡೆಯ ಮೂಳೆಯಲ್ಲಿ ರಾತ್ರಿಯೂ ಬಿಡದ ನೋವಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ ವಯಸ್ಸಿನ ಲೆಕ್ಕ ನೋಡದೆ ವೈದ್ಯರ ಬಳಿ ಹೋಗಿ. ಬೆನ್ನುನೋವಿನ ಜೊತೆ ಕಾಲುಗಳು ಬಲ ಕಳೆದುಕೊಳ್ಳುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಒಂದು ಹಾಳೆಯ ಕೆಲಸ

ಕೊನೆಯದಾಗಿ ನಿಮ್ಮಿಂದ ಒಂದು ಕೆಲಸವನ್ನು ಕೇಳುತ್ತೇನೆ. ಒಂದು ಹಾಳೆ ತೆಗೆದುಕೊಳ್ಳಿ. ನಡುವೆ ಗೆರೆ ಎಳೆಯಿರಿ. ಒಂದು ಕಡೆ ತಂದೆಯ ಮನೆತನ, ಇನ್ನೊಂದು ಕಡೆ ತಾಯಿಯ ಮನೆತನ. ಅಜ್ಜ, ಅಜ್ಜಿ, ತಂದೆ, ತಾಯಿ, ಅವರ ಅಣ್ಣತಮ್ಮಂದಿರು, ಅಕ್ಕತಂಗಿಯರು, ಪ್ರತಿಯೊಬ್ಬರ ಹೆಸರಿನ ಮುಂದೆ ಯಾವ ದೊಡ್ಡ ಕಾಯಿಲೆ, ಎಷ್ಟನೇ ವಯಸ್ಸಿನಲ್ಲಿ ಪತ್ತೆಯಾಯಿತು ಎಂದು ಬರೆಯಿರಿ. "ಕ್ಯಾನ್ಸರ್" ಎಂದಷ್ಟೇ ಬರೆದರೆ ಸಾಲದು, ಯಾವ ಅಂಗದ್ದು ಎಂದು ಕೇಳಿ ಬರೆಯಿರಿ. ಗೊತ್ತಿಲ್ಲದ್ದನ್ನು ಬಿಟ್ಟುಬಿಡಿ, ಊಹಿಸಬೇಡಿ. ಇಂಥವು ಹೆಚ್ಚು ನೆನಪಿರುವುದು ಮನೆಯ ಹಿರಿಯ ಹೆಂಗಸರಿಗೆ. ದಾದಿ, ನಾನಿ ಬದುಕಿರುವಾಗಲೇ ಅವರ ಪಕ್ಕ ಕುಳಿತು ಕೇಳಿಕೊಳ್ಳಿ.

ತಂದೆಯ ಬಯಾಪ್ಸಿ ವರದಿ, ಸ್ಕ್ಯಾನ್, ಡಿಸ್ಚಾರ್ಜ್ ಪತ್ರಗಳನ್ನು ಅವರು ತೀರಿಕೊಂಡ ಮೇಲೆ ಕಪಾಟು ಖಾಲಿ ಮಾಡುವಾಗ ಎಸೆಯಬೇಡಿ. ಅವು ಇನ್ನು ಅವರಿಗೆ ಬೇಕಾಗಿಲ್ಲ, ಮಕ್ಕಳಿಗೆ ಬೇಕು. ಮೊಬೈಲಿನಲ್ಲಿ ಚಿತ್ರ ತೆಗೆದು ದಮಾಮಿನಲ್ಲಿರುವ ತಮ್ಮನಿಗೂ, ಮದುವೆಯಾಗಿ ಬೇರೆ ಊರಿಗೆ ಹೋದ ತಂಗಿಗೂ ಕಳುಹಿಸಿ. ಆಸ್ತಿಯ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬೀಗ ಹಾಕಿ ಕಾಪಾಡುತ್ತೇವಲ್ಲ, ಇದನ್ನೂ ಅದರ ಜೊತೆಗಿಡಿ. ಹೊಲ ಮನೆಯಲ್ಲಿ ಯಾರಿಗೆಷ್ಟು ಪಾಲು ಎಂದು ಮಕ್ಕಳಿಗೆ ತಿಳಿಸುವ ನಾವು, ರಕ್ತದಲ್ಲಿ ಬಂದ ಪಾಲು ಯಾವುದೆಂದೂ ತಿಳಿಸಿ ಹೋಗಬೇಕು.